ಅರಮನೆಯ ವಾದ್ಯವೃಂದದಲ್ಲಿ

ಮೈಸೂರಿನ ಸಂಗೀತವೆಂದೊಡನೆ ವೀಣೆ ಶೇಷಣ್ಣನವರನ್ನೂ ಬಿಡಾರಂ ಕೃಷ್ಣಪ್ಪನವರನ್ನೂ ಮೈಸೂರು ವಾಸುದೇವಾಚಾರ್ಯರನ್ನೂ ಸ್ಮರಿಸುವುದು ನಮ್ಮ ನಾಡಿನ ರೂಢಿ. ಅದು ಯೋಗ್ಯವಾದ ರೂಢಿಯೇ ಸರಿ. ಆದರೆ ಅದೇ ಅರಮನೆಯ ಆಶ್ರಯದಲ್ಲಿ, ಆ ಮಹಾವಿದ್ವಾಂಸರ ಕೀರ್ತಿಯ ನೆರಳಿನಲ್ಲಿ, ಒಟ್ಟಾಗಿ ನುಡಿಸಿ ಒಟ್ಟಾಗಿಯೇ ಮರೆಯಾದ ವಾದಕರ ಸಮುದಾಯವೊಂದಿತ್ತೆಂಬುದನ್ನು ಇಂದಿನ ತರುಣರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆ. ಯೌವನದಲ್ಲಿ ಆ ಸಮುದಾಯದ ಹಿಂದಿನ ಸಾಲಿನಲ್ಲಿ ಪಿಟೀಲು ಹಿಡಿದು ಕುಳಿತುಕೊಳ್ಳುವ ಭಾಗ್ಯ ನನ್ನದಾಗಿದ್ದುದರಿಂದ, ಕಂಡದ್ದನ್ನು ಬರೆದಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ನಾಲ್ವಡಿ ಕೃಷ್ಣರಾಜ ಒಡೆಯರವರು ವೀಣೆ, ಪಿಟೀಲು, ಪಿಯಾನೋ ಮೊದಲಾದ ಅನೇಕ ವಾದ್ಯಗಳನ್ನು ಸ್ವತಃ ಅಭ್ಯಾಸ ಮಾಡಿದ್ದ ಪ್ರಭುಗಳು. ಪೂರ್ವಪಶ್ಚಿಮಗಳೆರಡರ ಸಂಗೀತವೂ ಒಂದೇ ಅರಮನೆಯಲ್ಲಿ ನೆಲೆಸಬಹುದೆಂಬುದು ಅವರಿಗೆ ಅನುಭವದಿಂದ ತಿಳಿದ ಸತ್ಯವಾಗಿತ್ತು. ಒಂದು ಕಡೆ ಶೇಷಣ್ಣನವರ ಶಿಷ್ಯರಾದ ವೀಣೆ ವೆಂಕಟಗಿರಿಯಪ್ಪನವರು ದೇಶೀಯ ವಾದ್ಯಗಳ ವೃಂದವನ್ನು ನಡೆಸುತ್ತ, ಅದಕ್ಕಾಗಿ ನಗ್ಮಾಗಳೆಂಬ ನೂತನ ಬಗೆಯ ರಚನೆಗಳನ್ನು ನಿರ್ಮಿಸುತ್ತಿದ್ದರು. ಮತ್ತೊಂದು ಕಡೆ ಜರ್ಮನ್ ಸಂಗೀತಗಾರರಾದ ಆಟೋ ಸ್ಮಿತ್ ಅವರ ನೇತೃತ್ವದಲ್ಲಿ ಪಾಶ್ಚಾತ್ಯ ವಾದ್ಯವೃಂದವು ನಡೆಯುತ್ತಿತ್ತು. 1930ರ ದಶಕದ ಉತ್ತರಾರ್ಧದಲ್ಲಿ ನಾನು ಸೇರಿದ್ದು ಈ ಎರಡನೆಯದಕ್ಕೆ.

ಕರ್ನಾಟಕ ಸಂಗೀತದ ಕ್ರಮದಲ್ಲಿ ಪಿಟೀಲು ಕಲಿತಿದ್ದವನಿಗೆ ಅಲ್ಲಿ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಪಾದದ ಮೇಲೂರಿ, ಸ-ಪ-ಸ-ಪ ಎಂದು ತಂತಿಗಳನ್ನು ಶ್ರುತಿಮಾಡಿಕೊಂಡು, ಗುರುಗಳ ಬಾಯಿಂದ ಬಂದುದನ್ನು ಕಿವಿಯಿಂದ ಗ್ರಹಿಸುತ್ತಿದ್ದವನು, ಇಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ವಾದ್ಯವನ್ನು ಗದ್ದದ ಕೆಳಗಿರಿಸಿ, ನಾಲ್ಕು ತಂತಿಗಳನ್ನೂ ಒಂದರಿಂದೊಂದಕ್ಕೆ ಪಂಚಮದ ಅಂತರದಲ್ಲಿ ಹೊಂದಿಸಿ, ಐದು ಗೆರೆಗಳ ಮೇಲೆ ಬರೆದ ಸ್ವರಲಿಪಿಯನ್ನು ಕಣ್ಣಿನಿಂದ ಓದಬೇಕಾಗಿತ್ತು. ಪಿಟೀಲುಗಾರರೆಲ್ಲರ ಕಮಾನೂ ಒಟ್ಟಿಗೆ ಮೇಲೇರಿ ಒಟ್ಟಿಗೆ ಕೆಳಗಿಳಿಯಬೇಕೆಂಬುದೂ ಅಲ್ಲಿಯ ನಿಯಮವಾಗಿತ್ತು.

ಇವೆಲ್ಲಕ್ಕಿಂತ ಕಠಿನವಾದ ಪಾಠವೆಂದರೆ ವಿರಾಮದ ಪಾಠ. ಕಚೇರಿಯಲ್ಲಿ ಗಾಯಕರನ್ನು ನೆರಳಿನಂತೆ ಅನುಸರಿಸುವ ಪಿಟೀಲುಗಾರನಿಗೆ ಸುಮ್ಮನಿರುವ ಅವಕಾಶ ಅಷ್ಟಾಗಿ ದೊರೆಯದು. ವಾದ್ಯವೃಂದದಲ್ಲಾದರೋ ಎಷ್ಟೋ ಆವರ್ತಗಳ ಕಾಲ ಕಮಾನನ್ನು ಕೆಳಗಿಳಿಸಿ, ಇತರರು ನುಡಿಸುವುದನ್ನು ಕೇಳುತ್ತ, ಮನಸ್ಸಿನಲ್ಲಿಯೇ ಎಣಿಸುತ್ತಿದ್ದು, ತನ್ನ ಸರದಿ ಬಂದಾಗ ಕ್ಷಣವೂ ತಡಮಾಡದೆ ಕೂಡಿಕೊಳ್ಳಬೇಕು. "ಮಗೂ, ಸುಮ್ಮನೆ ಕೂತಾಗಲೇ ಲೆಕ್ಕ ಗಟ್ಟಿಯಾಗಿರಬೇಕು" ಎಂದು ನನ್ನ ಪಕ್ಕದ ಹಿರಿಯ ವಾದಕರು ಹೇಳುತ್ತಿದ್ದರು. ಹಾಗೆ ಎಣಿಸುತ್ತ ಕುಳಿತಿರುವಾಗಲೇ ನಾನು ಸಂಗೀತವನ್ನು ಕೇಳಲು ಕಲಿತೆನು. ಓಬೋ ಕೊಟ್ಟ ಸ್ವರಕ್ಕೆ ಎಲ್ಲರೂ ಶ್ರುತಿಗೂಡುವಾಗಿನ ಆ ನಿರೀಕ್ಷೆ, ಡಬಲ್ ಬೇಸಿನ ಮಂದ್ರನಾದವು ಕಿವಿಗಿಂತ ಮುಂಚೆ ಅಂಗಾಲಿಗೆ ತಿಳಿಯುತ್ತಿದ್ದ ಬಗೆ, ಬೀಥೋವೆನ್ನರ ಕೃತಿಯೊಂದರಲ್ಲಿ ಪಿಟೀಲುಗಳಿಂದ ಚೆಲ್ಲೋಗಳಿಗೂ ಚೆಲ್ಲೋಗಳಿಂದ ಕೊಂಬುಗಳಿಗೂ ಒಂದು ಭಾವ ಕೈಯಿಂದ ಕೈಗೆ ಸಾಗಿ ಕಟ್ಟಕಡೆಗೆ ಎಲ್ಲರದೂ ಆಗುತ್ತಿದ್ದ ಆ ಘಳಿಗೆ: ಇವುಗಳಿಂದ ದೊರೆತ ಆನಂದವು ನಾನೊಬ್ಬನೇ ನುಡಿಸಿ ಪಡೆದ ಯಾವ ಆನಂದಕ್ಕೂ ಸಮನಲ್ಲ, ಅದರಿಂದ ಬೇರೆಯಾದದ್ದು. ಅದರಲ್ಲಿ 'ನಾನು' ಎಂಬುದು ಕರಗಿಹೋಗುತ್ತಿತ್ತು.

ಎರಡು ಸಂಪ್ರದಾಯಗಳ ನಡುವಣ ಸಾಮ್ಯವೂ ಭೇದವೂ ಅಲ್ಲಿಯೇ ನನಗೆ ಸ್ಪಷ್ಟವಾದುವು. ಅವರ ಮೇಜರ್ ಶ್ರೇಣಿಯ ಸ್ವರಸ್ಥಾನಗಳು ನಮ್ಮ ಧೀರಶಂಕರಾಭರಣದವೇ. ಆದರೆ ನಮ್ಮಲ್ಲಿ ರಾಗದ ಪ್ರಾಣ ಗಮಕದಲ್ಲಿದೆ; ಅವರಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ಮೇಳವಿಸಬೇಕಾದುದರಿಂದ ಪ್ರತಿಯೊಂದು ಸ್ವರವೂ ತನ್ನ ಸ್ಥಾನದಲ್ಲಿ ಅಲುಗಾಡದೆ ನಿಲ್ಲಬೇಕು. ವಾಸುದೇವಾಚಾರ್ಯರ ಗುರುಗಳಾದ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರ ಕದನಕುತೂಹಲ ರಾಗದ ಕೃತಿಯು ಬ್ಯಾಂಡಿನವರಿಗೆ ಅಷ್ಟೊಂದು ಪ್ರಿಯವಾದುದೇಕೆಂಬುದು ಇದರಿಂದ ವಿದಿತವಾಗುತ್ತದೆ: ಅದರ ಜಿಗಿದು ಸಾಗುವ ಸ್ವರಗಳಲ್ಲಿ ಗಮಕದ ಭಾರ ಕಡಮೆ.

1940ರ ಆಗಸ್ಟಿನಲ್ಲಿ ನಾಲ್ವಡಿಯವರು ದಿವಂಗತರಾದರು. ಪಟ್ಟವೇರಿದ ಶ್ರೀ ಜಯಚಾಮರಾಜ ಒಡೆಯರವರ ಸಂಗೀತಪ್ರೇಮವು ಇನ್ನೂ ದೂರದವರೆಗೆ ಕೈಚಾಚಿತು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಆ ಮಹನೀಯರೇ ಲಂಡನ್ನಿನ ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರಾದರು. ರಷ್ಯದಿಂದ ಬಂದು ಅಲ್ಲಿ ನೆಲೆಸಿದ್ದ ಮೆಡ್ನರ್ ಎಂಬ ವಾಗ್ಗೇಯಕಾರರ ರಚನೆಗಳನ್ನು ಧ್ವನಿಮುದ್ರಿಸಲು ದ್ರವ್ಯಸಹಾಯ ಮಾಡಿದರು. ರಿಚರ್ಡ್ ಸ್ಟ್ರಾಸ್‌ರ ಕಡೆಯ ನಾಲ್ಕು ಗೀತೆಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಫುರ್ಟ್‌ವೆಂಗ್ಲರರ ನಿರ್ದೇಶನದಲ್ಲಿ, ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಕಂಠದಿಂದ ಮೊಟ್ಟಮೊದಲು ಕೇಳಿಬಂದದ್ದೂ ಅವರ ಔದಾರ್ಯದಿಂದಲೇ. ಮಹಾರಾಜರು ಆ ಸಭೆಯಲ್ಲಿರಲಾಗಲಿಲ್ಲ. ಅವರಿಗಾಗಿ ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಿಕೊಟ್ಟರು. ಆ ಸಂಗೀತಕ್ಕೆ ಕಾರಣಪುರುಷರಾದವರಿಗೇ ಅದು ಯಂತ್ರದ ಮೂಲಕ ಮಾತ್ರ ದೊರೆತುದನ್ನು ನೆನೆದಾಗಲೆಲ್ಲ, ಎದುರು ಕುಳಿತು ಕೇಳುವ ಯೋಗ ಎಂತಹ ದುರ್ಲಭ ಸಂಪತ್ತೆಂಬುದು ನನಗೆ ಮನವರಿಕೆಯಾಗುತ್ತದೆ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ ಅರಮನೆಯ ಆದಾಯ ಕುಗ್ಗಿತು. ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಆರಂಭಿಸಿದ್ದ ಆಕಾಶವಾಣಿಯು ಈಗ ಸರ್ಕಾರದ ಮಹಾಸಂಸ್ಥೆಯ ಅಂಗವಾಯಿತು; ದೆಹಲಿಯಲ್ಲಿ 1952ರಲ್ಲಿ ವಾದ್ಯವೃಂದವೊಂದು ಸ್ಥಾಪಿತವಾಗಿ ದೇಶೀಯ ವಾದ್ಯಗಳ ಮೇಳಕ್ಕೆ ಹೊಸ ನೆಲೆ ದೊರೆಯಿತು. ನಮ್ಮವರಲ್ಲಿ ಕೆಲವರು ರೇಡಿಯೋ ನಿಲಯಗಳಿಗೆ, ಕೆಲವರು ಚಲನಚಿತ್ರಗಳಿಗೆ, ಕೆಲವರು ಮನೆಪಾಠಕ್ಕೆ ಹೋದರು. ಅರಮನೆಯ ಬ್ಯಾಂಡುಗಳ ಪರಂಪರೆ ಪೋಲೀಸ್ ಇಲಾಖೆಗೆ ಸೇರಿತು. 1971ರಲ್ಲಿ ರಾಜಧನ ರದ್ದಾಯಿತು. 1974ರಲ್ಲಿ ಜಯಚಾಮರಾಜರೂ ಕಾಲವಶರಾದರು.

ರಾಜಾಶ್ರಯ ಅಳಿಯಿತೆಂದು ಶೋಕಿಸುವುದು ನನ್ನ ಉದ್ದೇಶವಲ್ಲ. ಪ್ರಜೆಗಳ ರಾಜ್ಯದಲ್ಲಿ ಪ್ರಜೆಗಳೇ ಆಶ್ರಯದಾತರು. ಆದರೆ ವಾದ್ಯವೃಂದವೆಂಬುದು ಉತ್ಸವದ ಮುನ್ನಾದಿನ ಕಲೆಹಾಕಿದ ಗುಂಪಿನಿಂದ ಆಗುವಂತಹುದಲ್ಲ. ಅದೇ ಜನ ಅದೇ ಕೊಠಡಿಯಲ್ಲಿ ದಿನದಿನವೂ ಕಲೆತು, ಒಬ್ಬರ ಉಸಿರನ್ನೊಬ್ಬರು ಅರಿತು, ತಿಂಗಳು ತುಂಬುತ್ತಲೇ ಸಂಸಾರ ಸಾಗುವಷ್ಟು ಸಂಬಳ ಪಡೆದರೆ ಮಾತ್ರ ವರ್ಷಗಳ ತರುವಾಯ ಅದು ಸಿದ್ಧಿಸುವುದು. ಅರಮನೆಯು ನಮಗೆ ಒದಗಿಸಿದ್ದು ಮುಖ್ಯವಾಗಿ ಈ ನಿಶ್ಚಿಂತೆಯನ್ನು. ಆದುದರಿಂದ ಸರ್ಕಾರವೂ ವಿಶ್ವವಿದ್ಯಾನಿಲಯವೂ ಸಂಗೀತಸಭೆಗಳೂ ಕೂಡಿ ಮೈಸೂರಿನಲ್ಲಿ ಒಂದು ಸ್ಥಿರವಾದ ವಾದ್ಯವೃಂದವನ್ನು, ಸಂಬಳದ ವಾದಕರೊಡನೆ, ನೆಲೆಗೊಳಿಸಬೇಕೆಂದು ಪ್ರಾರ್ಥಿಸುತ್ತೇನೆ. ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ದಸರೆಗೆ ಬಂದಾಗ, ಪೋಲೀಸ್ ವಾದ್ಯವೃಂದ ನುಡಿಸುವಲ್ಲಿ ಕೊಂಚ ಹೊತ್ತು ನಿಂತು ಕೇಳಿರಿ, ಮಕ್ಕಳನ್ನೂ ಕರೆದುಕೊಂಡು ಬನ್ನಿರಿ.