ಬಿತ್ತುವವರಿಲ್ಲದ ಪುಸ್ತಕಗಳು

ಟೊರೆಂಟ್ ಅಂದ ಕೂಡಲೇ ಬಹಳಷ್ಟು ಜನರಿಗೆ ನೆನಪಾಗೋದು ಹೊಸ ಸಿನಿಮಾದ ಕಳ್ಳ ಪ್ರತಿ. ಕುಷ್ಟಗಿಯಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಉಬುಂಟು ಇಳಿಸಿಕೊಳ್ಳಲು ಟೊರೆಂಟ್ ಕಳಿಸಿದರೆ ಅವನೂ ಹೆದರಿದ: “ಅಣ್ಣಾ, ಪೊಲೀಸ್ ಕೇಸ್ ಆಗೂದಿಲ್ಲಲ್ಲ?”

ಕದ್ದ ಸಿನಿಮಾವನ್ನು ಯಾವ ದಾರಿಯಲ್ಲಿ ಹಂಚಿದರೂ ತಪ್ಪೇ. ಆದರೆ ಉಬುಂಟು, ಡೆಬಿಯನ್ ತಯಾರಿಸುವವರೇ ತಮ್ಮ ಜಾಲತಾಣಗಳಲ್ಲಿ ಟೊರೆಂಟ್ ಕೊಡುತ್ತಾರೆ. ಗಾಡಿಯಲ್ಲಿ ಏನು ಹೇರಿದ್ದೀರಿ ಅನ್ನೋದು ಮುಖ್ಯ, ಗಾಡಿಯದೇನೂ ತಪ್ಪಿಲ್ಲ.

2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್‌ನ ಲೆಕ್ಕ ನಮ್ಮ ಕಡೆಯ ಮುಯ್ಯಾಳಿನಂಥದ್ದು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದೊಡ್ಡ ಕಡತವನ್ನು ಸಣ್ಣ ತುಂಡುಗಳಾಗಿ ಮಾಡಿ, ಒಂದೊಂದನ್ನು ಒಬ್ಬೊಬ್ಬರ ಕಂಪ್ಯೂಟರ್‌ನಿಂದ ತರುತ್ತದೆ. ನಿಮಗೆ ಬಂದ ತುಂಡು ಬೇರೆಯವರಿಗೆ ಹೋಗುತ್ತಿರುತ್ತದೆ. ಪ್ರತಿ ತುಂಡಿಗೂ ಬೆರಳಚ್ಚಿನಂಥ ಗುರುತಿದೆ. ಕೆಟ್ಟ ತುಂಡು ಬಂದರೆ ಬಿಸಾಕಿ ಮತ್ತೆ ತರುತ್ತದೆ. ಯಲಬುರ್ಗಾದ ಹಳ್ಳಿಯಲ್ಲಿ ಕೂತು 5-6 ಜಿಬಿಯ ಉಬುಂಟು ಇಳಿಸುವಾಗ ನಡುವೆ ಕರೆಂಟ್ ಹೋದರೂ ಚಿಂತೆಯಿಲ್ಲ. ಬಂದ ಮೇಲೆ ನಿಂತಲ್ಲಿಂದಲೇ ಶುರು. ಪೂರ್ತಿ ಕಡತ ಇಟ್ಟುಕೊಂಡು ಹಂಚುವವರಿಗೆ ‘ಸೀಡರ್’ ಅಂತಾರೆ. ಅಂದ್ರೆ, ಬಿತ್ತುವವರು.

ಉಬುಂಟುವಿಗೆ ಬಿತ್ತುವವರ ಬರವಿಲ್ಲ. ಬರ ಇರೋದು ಕನ್ನಡಕ್ಕೆ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ದೊಡ್ಡ ರಾಶಿಯೇ ಇದೆ. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಬಳಗದವರು ಪುಟ ಪುಟ ಸ್ಕ್ಯಾನ್ ಮಾಡಿ ಸೇರಿಸುತ್ತಲೇ ಇದ್ದಾರೆ. 2012ರಿಂದ ಆರ್ಕೈವ್ ತನ್ನ ಕಡತಗಳನ್ನು ಟೊರೆಂಟ್ ಮೂಲಕವೂ ಕೊಡುತ್ತಿದೆ. ನಾನು ಇಳಿಸಿಕೊಂಡ ಕೆಲವು ಪುಸ್ತಕಗಳಿಗೆ ಆರ್ಕೈವ್‌ನ ಸರ್ವರ್ ಬಿಟ್ಟರೆ ಬಿತ್ತುವವರು ಒಬ್ಬರೂ ಕಾಣಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಆರ್ಕೈವ್ ಹಲವು ದಿನ ಬಾಗಿಲು ಹಾಕಿತ್ತು. ಅಂಥ ದಿನ ಬೇರೆ ಯಾರ ಹತ್ತಿರವೂ ಪ್ರತಿ ಇಲ್ಲದ ಪುಸ್ತಕದ ಗತಿ ಏನು?

ಕೊಪ್ಪಳದವರಿಗೆ ಇದರ ಉತ್ತರ ಬೆಟ್ಟದ ಮೇಲೇ ಇದೆ. ಅಶೋಕನ ಒಂದೇ ಲಘು ಶಿಲಾಶಾಸನವನ್ನು ಗವಿಮಠದ ಬೆಟ್ಟದಲ್ಲೂ ಕೆತ್ತಿದ್ದಾರೆ, ಪಾಲ್ಕಿಗುಂಡಿನಲ್ಲೂ ಕೆತ್ತಿದ್ದಾರೆ. ಮಸ್ಕಿ, ಬ್ರಹ್ಮಗಿರಿಯಲ್ಲೂ ಅದರ ಪ್ರತಿಗಳಿವೆ. ಪಾಲ್ಕಿಗುಂಡಿನ ಅಕ್ಷರಗಳು ಬಹುಪಾಲು ಸವೆದಿವೆ. ಗವಿಮಠದ್ದು ಇವತ್ತಿಗೂ ಓದಲು ಸಿಗುತ್ತದೆ. ಕ್ರಿ.ಪೂ. 3ನೇ ಶತಮಾನದ ಮಾತು ನಮ್ಮವರೆಗೆ ಬಂದದ್ದು ಒಂದೇ ಬಂಡೆಯನ್ನು ನಂಬಿ ಕೂರದೇ ಇದ್ದದ್ದರಿಂದ.

ಅದಕ್ಕೇ ಗಂಗಾವತಿಯ ನಮ್ಮ ಮನೆಯ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ‘ಟ್ರಾನ್ಸ್‌ಮಿಷನ್’ ಅನ್ನೋ ಉಚಿತ ತಂತ್ರಾಂಶದಲ್ಲಿ ಒಂದಷ್ಟು ಪುಸ್ತಕ ಬಿತ್ತಲು ಬಿಟ್ಟಿದ್ದೇನೆ. ವಿಂಡೋಸ್ ಎಳೆಯಲಾರದ ಯಂತ್ರಕ್ಕೆ ಇದು ಹಗುರವಾದ ಕೆಲಸ. ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿದ್ದೇನೆ, ಹಾಗಾಗಿ ಅಮ್ಮನ ವಿಡಿಯೋ ಕಾಲ್ ನಿಲ್ಲೋದಿಲ್ಲ.

ನೀವೂ ಮಾಡೋದಾದರೆ ಮೂರು ಮಾತು. ಮೊಬೈಲ್ ಹಾಟ್‌ಸ್ಪಾಟ್ ಬೇಡ, ದಿನದ ಡೇಟಾ ಖಾಲಿಯಾಗುತ್ತೆ. ಮನೆಯ ಬ್ರಾಡ್‌ಬ್ಯಾಂಡ್ ಇದ್ದರೆ ಸರಿ. ಟೊರೆಂಟ್‌ನಲ್ಲಿ ನಿಮ್ಮ ಐಪಿ ವಿಳಾಸ ಉಳಿದವರಿಗೆ ಕಾಣುತ್ತೆ ಅನ್ನೋದು ಗೊತ್ತಿರಲಿ. ಹಕ್ಕುಸ್ವಾಮ್ಯ ಮುಗಿದದ್ದನ್ನೇ ಹಂಚಿ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಕೃತಿಗಳು 2024ರಿಂದ ಎಲ್ಲರವು.

ಇಳಿಸಿಕೊಂಡ ತಕ್ಷಣ ಟೊರೆಂಟ್ ತೆಗೆದುಹಾಕೋದು ಎಲ್ಲರಿಗೂ ರೂಢಿ. ಮುಂದಿನ ಸಲ ಕನ್ನಡದ ಒಂದು ಪುಸ್ತಕವನ್ನಾದರೂ ಹಾಗೇ ಬಿಡಿ. ನಿಮ್ಮ ಹೊಲಕ್ಕೆ ಆಳು ಬಂದು ಹೋಗಿದೆ, ಮುಯ್ಯಿ ಬಾಕಿ ಇದೆ.