ಸೈನಿಕನು ಕಂಡ ಆಫ್ಘನ್ ಹಳ್ಳಿ

ನಮ್ಮ ಅಡಿಗೆಮನೆಗಳ ಇಂಗು ಬಹುಕಾಲದಿಂದಲೂ ಆಫ್ಘಾನಿಸ್ಥಾನದ ಕಡೆಯಿಂದ ಬರುತ್ತಿರುವ ಪದಾರ್ಥ. ಅಮರಸಿಂಹನು ತನ್ನ ಕೋಶದಲ್ಲಿ ಹಿಂಗುವಿಗೆ ‘ಬಾಹ್ಲೀಕ’ವೆಂಬ ಹೆಸರನ್ನೂ ಕೊಟ್ಟಿರುವನು, ಬಾಹ್ಲೀಕವೆಂದರೆ ಆ ದೇಶದ ಉತ್ತರಭಾಗದಲ್ಲಿರುವ ಬಲ್ಖ್ ಸೀಮೆ. ಹೀಗೆ ಒಗ್ಗರಣೆಯ ಮೂಲಕ ನಿತ್ಯವೂ ನಮಗೆ ಪರಿಚಿತವಾದ ಆ ನಾಡು, ೧೯೭೯ರಲ್ಲಿ ಸೋವಿಯೆತ್ ಸೇನೆ ಅದನ್ನು ಹೊಕ್ಕಂದಿನಿಂದ, ವೃತ್ತಪತ್ರಿಕೆಗಳಲ್ಲಿ ಬರಿಯ ರಣಭೂಮಿಯಾಗಿ ಮಾತ್ರ ಕಾಣಿಸಿಕೊಂಡಿದೆ. ಅಲ್ಲಿಯ ಹಳ್ಳಿಗರು ಏನನ್ನು ಬೆಳೆಯುವರು, ಏನನ್ನು ಉಣ್ಣುವರು, ಬಂದವರನ್ನು ಹೇಗೆ ಸತ್ಕರಿಸುವರು ಎಂಬುದನ್ನು ಹೊರಗಿನವರಲ್ಲಿ ಬಹು ಸಮೀಪದಿಂದ ಕಂಡವರು, ಆಶ್ಚರ್ಯವೆನಿಸಿದರೂ, ಬಂದೂಕು ಹಿಡಿದು ಹೋದ ಸಿಪಾಯಿಗಳೇ. ೨೦೦೧ರ ಅಕ್ಟೋಬರಿನಲ್ಲಿ ಆರಂಭವಾಗಿ ೨೦೨೧ರ ಆಗಸ್ಟ್ ೩೦ರಂದು ಮುಗಿದ ಅಮೆರಿಕಾದ ಯುದ್ಧದಲ್ಲಿ ಅನೇಕ ದೇಶಗಳ ಸೈನಿಕರು ಅಲ್ಲಿದ್ದರು. ಬ್ರಿಟಿಷರು ೨೦೦೬ರಿಂದ ೨೦೧೪ರ ವರೆಗೆ ದಕ್ಷಿಣದ ಹೆಲ್ಮಂದ್ ಪ್ರಾಂತದಲ್ಲಿ ಬೀಡುಬಿಟ್ಟಿದ್ದರು. ಇಂಥವರು ಬರೆದಿಟ್ಟ ಸ್ಮರಣೆಗಳನ್ನು ಓದುವವರಿಗೆ ಕಾಳಗದ ವರ್ಣನೆಗಿಂತ ಹಳ್ಳಿಯ ಚಿತ್ರವೇ ಹೆಚ್ಚಾಗಿ ಮನಸ್ಸಿನಲ್ಲಿ ನಿಲ್ಲುವುದು.

ಹೆಲ್ಮಂದ್ ನದಿಗೆ ಅವೆಸ್ತಾ ಗ್ರಂಥದಲ್ಲಿ ‘ಹಏತುಮಂತ್’ ಎಂದು ಹೆಸರು. ಇದು ಸಂಸ್ಕೃತದ ‘ಸೇತುಮತ್’ ಶಬ್ದಕ್ಕೆ ಸರಿಯಾದುದು, ಕಟ್ಟೆಗಳುಳ್ಳದ್ದು ಎಂದರ್ಥ. ಅದನ್ನು ಬಂದು ಸೇರುವ ಅರ್ಘಂದಾಬ್ ನದಿಯ ಪ್ರಾಚೀನ ನಾಮವು ನಮ್ಮ ‘ಸರಸ್ವತಿ’ಯೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿರುವರು. ಆ ಸೀಮೆಯ ಬಾಳಿನ ಗುಟ್ಟು ಈ ಹೆಸರುಗಳಲ್ಲಿಯೇ ಅಡಗಿದೆ. ಅಲ್ಲಿ ಮಳೆ ಬಹಳ ಸ್ವಲ್ಪ. ಚಳಿಗಾಲದಲ್ಲಿ ಪರ್ವತಗಳ ಮೇಲೆ ಬಿದ್ದ ಹಿಮವು ಕರಗಿ ನದಿಗಿಳಿದು, ಕಾಲುವೆಗಳಲ್ಲಿ ಹರಿದು ಹೊಲವನ್ನು ಸೇರಬೇಕು. ನೀರು ಮುಟ್ಟಿದಲ್ಲಿ ಗೋಧಿ, ದ್ರಾಕ್ಷಿ, ದಾಳಿಂಬೆ, ಹಿಪ್ಪುನೇರಳೆ; ಅಲ್ಲಿಂದ ನಾಲ್ಕು ಮಾರು ಆಚೆಗೆ ಬರಿಯ ಮರುಭೂಮಿ. ನದಿಯಿಲ್ಲದ ಕಡೆಗಳಲ್ಲಿ ‘ಕಾರೇಜ್’ ಎಂಬ ಏರ್ಪಾಡುಂಟು. ಬೆಟ್ಟದ ಬುಡದಲ್ಲಿ ಆಳವಾದ ಬಾವಿಯನ್ನು ತೋಡಿ, ಅಲ್ಲಿಂದ ಊರಿನ ವರೆಗೆ ನೆಲದೊಳಗೇ ತುಸು ಇಳಿಜಾರಾಗಿ ಸುರಂಗವನ್ನು ಕೊರೆದು, ಯಾವ ಯಂತ್ರವೂ ಇಲ್ಲದೆ ನೀರನ್ನು ತರುವರು. ನೀರಿನ ಸರದಿಯನ್ನು ನೋಡಿಕೊಳ್ಳುವವನು ‘ಮೀರಾಬ್’. ಅವನನ್ನು ರೈತರೇ ಆರಿಸುವರು. ಅವನ ಸಂಭಾವನೆಯು ಸಾಮಾನ್ಯವಾಗಿ ಧಾನ್ಯದ ರೂಪದಲ್ಲಿ ಸಲ್ಲುವುದು. ನಮ್ಮ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಇವನ ಕೆಲಸವನ್ನು ವಿವರಿಸಬೇಕಾದುದಿಲ್ಲ.

ಇದೇ ಹಳ್ಳಿಯು ಸೈನಿಕನ ಕಣ್ಣಿಗೆ ಬೇರೆಯಾಗಿ ತೋರುವುದು. ರೈತನಿಗೆ ಜೀವನಾಡಿಯಾದ ಕಾಲುವೆಯು ಸಿಪಾಯಿಗೆ ಗುಂಡಿನಿಂದ ತಪ್ಪಿಸಿಕೊಳ್ಳಲು ದೊರೆತ ಮರೆ. ಕಾರೇಜ್ ಅವನಿಗೆ ಶತ್ರುವಿನ ಅಡಗುದಾಣ. ಸೋವಿಯೆತ್ ಸೇನೆಯ ಕಾಲದಲ್ಲಿ ಹೋರಾಟಗಾರರು ಅವುಗಳಲ್ಲಿ ಅಡಗಿದ್ದುದೂ ಉಂಟು, ಆ ಕಾರಣದಿಂದ ಎಷ್ಟೋ ಕಾರೇಜುಗಳು ಹಾಳಾದುದೂ ಉಂಟು. ಮನೆಗಳೆಲ್ಲ ಎತ್ತರವಾದ ಮಣ್ಣಿನ ಗೋಡೆಯ ಆವರಣದೊಳಗಿರುವುವು. ಈ ಆವರಣಕ್ಕೆ ‘ಕಲಾ’ ಎಂದು ಹೆಸರು. ನಮ್ಮ ‘ಕಿಲ್ಲೆ’ ಎಂಬ ಮಾತೂ ಅದೇ ಮೂಲದ್ದು. ಆ ದಪ್ಪ ಗೋಡೆಯು ಬೇಸಗೆಯ ಝಳವನ್ನೂ ಚಳಿಗಾಲದ ಗಾಳಿಯನ್ನೂ ತಡೆಯುವುದು. ಮನೆಯ ಹೆಂಗಸರು ಅಂಗಳದಲ್ಲಿ ನಿರಾತಂಕವಾಗಿ ಓಡಾಡಲು ಮರೆಯಾಗಿ ನಿಲ್ಲುವುದು. ಕಂದಹಾರದ ಸುತ್ತಮುತ್ತ ದ್ರಾಕ್ಷಿಯನ್ನು ನೆರಳಿನಲ್ಲಿ ಒಣಗಿಸಲು ಕಟ್ಟಿದ ಮಣ್ಣಿನ ಮನೆಗಳುಂಟು. ಗಾಳಿಯಾಡಲೆಂದು ಅವುಗಳ ಗೋಡೆಗಳಲ್ಲಿ ಸಾಲುಸಾಲಾಗಿ ಕಿರುಗಂಡಿಗಳನ್ನು ಬಿಟ್ಟಿರುವರು. ಸಿಪಾಯಿಯ ಲೆಕ್ಕದಲ್ಲಿ ಆ ಗಂಡಿಗಳು ಬಂದೂಕಿನ ಕಿಂಡಿಗಳು. ಗೋಡೆಯಾದರೋ ಗುಂಡಿಗೂ ಜಗ್ಗದು. ಒಣದ್ರಾಕ್ಷಿಯ ಮನೆಯು ಹೀಗೆ ಕೋಟೆಯಾಯಿತು; ಕೋಟೆಯಾದ ಮೇಲೆ ಅದರ ಮೇಲೆ ಬಾಂಬು ಬೀಳುವುದೂ ತಪ್ಪಲಿಲ್ಲ.

ಸೈನಿಕನು ಹಳ್ಳಿಯನ್ನು ಗಮನಿಸಿದುದು ಮೊದಲಿಗೆ ಪ್ರೀತಿಯಿಂದಲ್ಲ, ಪ್ರಾಣಭಯದಿಂದ. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರೆ ಕ್ಷೇಮ; ಒಮ್ಮೆಗೇ ಮಕ್ಕಳೆಲ್ಲ ಮಾಯವಾದರೆ ಅಪಾಯವು ಹತ್ತಿರದಲ್ಲಿದೆಯೆಂದು ಅವನು ತಿಳಿದುಕೊಂಡನು. ಎಲ್ಲರೂ ನಡೆಯುವ ದಾರಿಯಲ್ಲಿ ಯಾರೂ ಕಾಲಿಡದಿದ್ದರೆ ಅಲ್ಲಿ ನೆಲಬಾಂಬು ಹೂತಿರಬಹುದು. ಅಫೀಮಿನ ಕೊಯ್ಲಿನ ಕಾಲದಲ್ಲಿ ಕಾಳಗವು ತಗ್ಗುತ್ತಿತ್ತು; ಏಕೆಂದರೆ ಕಾದಾಡುವವನೂ ಕೊಯ್ಯುವವನೂ ಅನೇಕ ವೇಳೆ ಒಬ್ಬನೇ ಆಗಿದ್ದನು. ಆದರೆ ಹೀಗೆ ತಿಂಗಳುಗಟ್ಟಲೆ ಒಂದು ಊರಿನ ಹೊತ್ತುಹೊತ್ತಿನ ನಡೆಯನ್ನು ನೋಡುತ್ತಿರುವವನಿಗೆ, ಬೇಡವೆಂದರೂ, ಆ ಊರಿನ ಪರಿಚಯವಾಗದೆ ಇರುವುದೆಂತು? ಬೆಳಗಿನಲ್ಲಿ ತಂದೂರಿನಿಂದೇಳುವ ಹೊಗೆ, ಆಡುಕುರಿಗಳನ್ನು ಅಟ್ಟಿಕೊಂಡು ಹೋಗುವ ಹುಡುಗ, ಸರದಿ ಬಂದೊಡನೆ ಸಲಿಕೆಯನ್ನು ಹೆಗಲಿಗೇರಿಸಿ ಕಾಲುವೆಗೆ ಧಾವಿಸುವ ಮುದುಕ, ಇವರೆಲ್ಲರೂ ಅವನಿಗೆ ಗುರುತಿನವರಾದರು.

ಅತಿಥಿಸತ್ಕಾರವನ್ನು ಪಶ್ತೂನರು ‘ಮೆಲ್ಮಸ್ತಿಯಾ’ ಎನ್ನುವರು. ಎಷ್ಟು ಬಡವನಾದರೂ ಬಂದವನ ಕೈತೊಳೆಯಲು ನೀರೆರೆದು, ನೆಲದ ಮೇಲೆ ಬಟ್ಟೆಯನ್ನು ಹಾಸಿ, ರೊಟ್ಟಿಯನ್ನೂ ಸಕ್ಕರೆ ಬೆರೆಸಿದ ಹಸುರು ಚಹವನ್ನೂ ಮುಂದಿಡುವನು. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಅದನ್ನು ತುಳಿಯದೆ ಎತ್ತಿ ಮೇಲಿರಿಸುವರು. ಅನ್ನವನ್ನು ನಿಂದಿಸಬಾರದೆಂಬ ಉಪದೇಶವನ್ನು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಶರಣು ಬಂದವನನ್ನು ಕಾಯುವ ಧರ್ಮಕ್ಕೆ ‘ನನವಾತೈ’ ಎಂದು ಹೆಸರು. ೨೦೦೫ರ ಜೂನ್ ಕೊನೆಯಲ್ಲಿ ಕುನಾರ್ ಪ್ರಾಂತದ ಬೆಟ್ಟಗಳಲ್ಲಿ ನಾಲ್ವರು ಅಮೆರಿಕನ್ ಸೈನಿಕರ ಒಂದು ತಂಡದವರಲ್ಲಿ ಮೂವರು ಹತರಾಗಿ, ಗಾಯಗೊಂಡ ಒಬ್ಬನು ಮಾತ್ರ ಉಳಿದನು. ಒಂದು ಹಳ್ಳಿಯವರು ಅವನನ್ನು ಮನೆಗೆ ಕರೆದೊಯ್ದು ಆರೈಕೆ ಮಾಡಿದರು. ಅವನನ್ನು ಒಪ್ಪಿಸಿರೆಂದು ತಾಲಿಬಾನರು ಬೆದರಿಸಿದರೂ ಅವರು ಒಪ್ಪಿಸಲಿಲ್ಲ. ಅವನ ಸೇನೆಯವರು ಬಂದು ಕರೆದೊಯ್ಯುವ ವರೆಗೂ ಕಾಪಾಡಿದರು. ಮುಂದಾಳಾಗಿ ನಿಂತ ಹಳ್ಳಿಗನು ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಕಡೆಗೆ ಅವನು ಸಂಸಾರಸಮೇತನಾಗಿ ತಾಯ್ನಾಡನ್ನೇ ಬಿಡಬೇಕಾಯಿತು.

ಇದರ ಪಕ್ಕದಲ್ಲಿ ಮತ್ತೊಂದು ಸಂಗತಿಯನ್ನು ಇರಿಸಿ ನೋಡಬೇಕು. ಅರ್ಘಂದಾಬ್ ಕಣಿವೆಯಲ್ಲಿ ತಾರೋಕ್ ಕೋಲಾಚೆ ಎಂಬ ಸಣ್ಣ ಊರಿತ್ತು. ತಾಲಿಬಾನರು ಅದನ್ನು ಹಿಡಿದು, ಮನೆಮನೆಯಲ್ಲಿಯೂ ಸಿಡಿಮದ್ದುಗಳನ್ನು ಹುದುಗಿಸಿದರು. ಜನರು ಊರನ್ನು ಬಿಟ್ಟರು. ಒಳಹೊಕ್ಕರೆ ಸೈನಿಕರ ಪ್ರಾಣಕ್ಕೆ ಅಪಾಯವೆಂದು ೨೦೧೦ರ ಅಕ್ಟೋಬರಿನಲ್ಲಿ ಅಮೆರಿಕಾದ ಸೇನೆಯು ಆ ಊರಿನ ಮೇಲೆ ಸುಮಾರು ೨೫ ಟನ್ನು ಬಾಂಬುಗಳನ್ನು ಸುರಿಸಿತು. ಊರು ನೆಲಸಮವಾಯಿತು. ಮುಂದೆ ಮನೆಗಳನ್ನು ಮರಳಿ ಕಟ್ಟಿಕೊಟ್ಟರು, ಹಣವನ್ನೂ ಕೊಟ್ಟರು. ಆದರೆ ದಾಳಿಂಬೆಯ ಗಿಡವು ಮರಳಿ ಫಲಕ್ಕೆ ಬರಲು ವರ್ಷಗಳೇ ಬೇಕು. ಹಳೆಯ ಗೋಡೆಯೇ ಎಲ್ಲೆಯಾಗಿದ್ದ ಊರಿನಲ್ಲಿ ಗೋಡೆ ಹೋದ ಮೇಲೆ ಎಲ್ಲೆಯನ್ನು ತೋರಿಸುವುದು ಯಾವುದು? ಸೈನಿಕರನ್ನು ಉಳಿಸಿಕೊಳ್ಳುವುದು ಸೇನಾನಾಯಕನ ಕರ್ತವ್ಯವೆಂಬುದನ್ನು ಅಲ್ಲಗಳೆಯಲಾಗದು. ಆದರೂ ಕುನಾರಿನ ಬಡವನು ಒಬ್ಬ ಪರದೇಶಿ ಸಿಪಾಯಿಗಾಗಿ ತನ್ನ ಮನೆಯನ್ನು ಪಣವಾಗಿಟ್ಟುದನ್ನೂ, ಇಲ್ಲಿ ಸಿಪಾಯಿಗಳಿಗಾಗಿ ಒಂದು ಊರಿನ ಮನೆಗಳೆಲ್ಲ ಹೋದುದನ್ನೂ ಒಟ್ಟಿಗೆ ನೆನೆದಾಗ ಮನಸ್ಸು ಭಾರವಾಗದೆ ಇರದು.

ಇನ್ನೊಂದು ಮಾತು. ಸೈನಿಕನು ಎಷ್ಟು ದಿನ ಕಾವಲಿದ್ದರೂ ಹಳ್ಳಿಯ ಅರ್ಧವನ್ನು ಕಾಣಲಾರನು. ಹೆಂಗಸರು ಗೋಡೆಯ ಆಚೆಗಿರುವರು. ೨೦೦೯ರ ಈಚೆಗೆ ಅಮೆರಿಕಾದ ಮರೀನ್ ಸೇನೆಯು ಸ್ತ್ರೀಸೈನಿಕರ ಸಣ್ಣ ತಂಡಗಳನ್ನು ಮನೆಗಳೊಳಕ್ಕೆ ಕಳುಹಿಸಿತು. ಅವರ ಮುಂದೆ ಗೃಹಿಣಿಯರು ಮಕ್ಕಳ ಕಾಯಿಲೆ, ಔಷಧಿ, ಶಾಲೆ ಮೊದಲಾದ ತಮ್ಮ ಚಿಂತೆಗಳನ್ನು ಹೇಳಿಕೊಂಡರು. ಅಧ್ಯಾಪನವನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ನನಗೆ ಈ ಕೊನೆಯ ಮಾತೇ ಹೆಚ್ಚಾಗಿ ನಾಟುವುದು. ೨೦೨೧ರಲ್ಲಿ ತಾಲಿಬಾನರು ಮರಳಿ ಅಧಿಕಾರಕ್ಕೆ ಬಂದ ಮೇಲೆ ಬಾಲಿಕೆಯರಿಗೆ ಆರನೆಯ ತರಗತಿಯ ಮುಂದಿನ ಶಾಲೆಯ ಬಾಗಿಲು ಮುಚ್ಚಿತು. ೨೦೨೨ರ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯದ ಬಾಗಿಲೂ ಮುಚ್ಚಿತು.

ಪರದೇಶದ ಸೇನೆಗಳು ಹೊರಟುಹೋದುವು. ಹಿಮ ಕರಗುವುದೂ ಮೀರಾಬನು ಸರದಿಯನ್ನು ಕೂಗುವುದೂ ನಿಂತಿಲ್ಲ. ಆ ದೇಶದ ಹೆಸರು ಕಿವಿಗೆ ಬಿದ್ದಾಗ ಬಾಂಬು ಬಂದೂಕುಗಳ ಜೊತೆಗೆ, ಮಣ್ಣಿನ ಗೋಡೆಯ ಒಳಗೆ ರೊಟ್ಟಿ ಸುಡುತ್ತಿರುವ ಒಬ್ಬ ತಾಯಿಯೂ, ಆರನೆಯ ತರಗತಿಯನ್ನು ಮುಗಿಸಿ ಮನೆಯಲ್ಲಿ ಕುಳಿತ ಅವಳ ಮಗಳೂ ನಮ್ಮ ಗೃಹಸ್ಥರ ನೆನಪಿಗೆ ಬಂದರೆ, ಸಿಪಾಯಿಗಳು ಬರೆದಿಟ್ಟುದನ್ನು ಓದಿದುದು ಸಾರ್ಥಕ.