ಅರ್ಧಕ್ಕೆ ನಿಂತ ಪುಸ್ತಕವನ್ನು ಅರಸಿ ರಾಯದುರ್ಗಕ್ಕೆ

ಕಳೆದ ಬೇಸಗೆಯ ರಜೆಯಲ್ಲಿ ರಾಯದುರ್ಗದಿಂದ ಅತ್ತೆಯವರ ಫೋನು ಬಂದಿತು. ಮನೆಯನ್ನು ಮಕ್ಕಳು ಪಾಲು ಮಾಡಿಕೊಳ್ಳುತ್ತಿದ್ದಾರೆ, ಅಟ್ಟದ ಮೇಲೆ ಮಾವನ ಪುಸ್ತಕಗಳು ಎರಡು ಪೆಟ್ಟಿಗೆ ಇವೆ, ಬೇಕಾದರೆ ಬಂದು ಒಯ್ಯಿ, ಇಲ್ಲವಾದರೆ ತಕ್ಕಡಿಗೆ ಹಾಕುತ್ತಾರೆ, ಇಷ್ಟೇ ಮಾತು. ಆ ಮಕ್ಕಳನ್ನು ನಾನು ದೂರುವುದಿಲ್ಲ. ಅವರು ಮನೆಯಲ್ಲಿ ಕನ್ನಡ ಆಡುತ್ತಾರೆ. ಓದಿದ್ದು ತೆಲುಗಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ತಂದೆಯ ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ಕೂಡಿಸಿ ಕೂಡಿಸಿ ಓದಬೇಕಾದವರಿಗೆ ಆ ಪೆಟ್ಟಿಗೆಗಳು ಭಾರವೇ ಸರಿ. ಆದರೆ ಅವುಗಳಲ್ಲೊಂದರಲ್ಲಿ ನಾನು ನಲವತ್ತು ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟುಬಂದ ಒಂದು ಪುಸ್ತಕವಿತ್ತು. ಮರುದಿನವೇ ಹೊರಟೆ.

ನಮ್ಮೂರು ಮಡಕಶಿರಾ ಸೀಮೆಯಲ್ಲಿ, ಹೇಮಾವತಿಗೆ ಸಮೀಪ. ಹೇಮಾವತಿಯೆಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿಯ ಸಿದ್ಧೇಶ್ವರನು ಲಿಂಗರೂಪದಲ್ಲಿಲ್ಲದೆ ಮನುಷ್ಯಾಕಾರದಲ್ಲಿ ಕುಳಿತಿರುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಶಾಸನಗಳನ್ನು ನೋಡಲು ಬರುವವರು ಕಡಿಮೆ. ಮಡಕಶಿರಾದ ಮೂರು ದಿಕ್ಕಿಗೂ ಕರ್ನಾಟಕವಿದೆ. ಹಾಗೆಯೇ ಪಕ್ಕದ ಪಾವಗಡದ ಬಹುಪಾಲು ಸುತ್ತ ಆಂಧ್ರವಿದೆ. ಒಂದು ಕೈಯ ಬೆರಳುಗಳೊಳಗೆ ಇನ್ನೊಂದು ಕೈಯ ಬೆರಳುಗಳನ್ನು ಹೆಣೆದಂತೆ ಈ ಗಡಿ. ಮಡಕಶಿರಾದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವವನು ಆಂಧ್ರದಿಂದ ಹೊರಟು, ಕರ್ನಾಟಕವನ್ನು ಹೊಕ್ಕು, ಮತ್ತೆ ಆಂಧ್ರಕ್ಕೆ ಬರುತ್ತಾನೆ. ಅಂಗಡಿಯ ಹಲಗೆಗಳಲ್ಲಿ ತೆಲುಗು ಹೋಗಿ ಕನ್ನಡ ಬರುತ್ತದೆ, ಕನ್ನಡ ಹೋಗಿ ತೆಲುಗು ಬರುತ್ತದೆ. ಬಸ್ಸಿನೊಳಗಿನ ಮಾತು ಮಾತ್ರ ಬದಲಾಗುವುದಿಲ್ಲ. ನನ್ನ ಪಕ್ಕದಲ್ಲಿ ಕುಳಿತ ಹೆಂಗಸು ಕಡಲೆಕಾಯಿಯ ಬೆಲೆಯನ್ನು ತೆಲುಗಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸಿದಳು.

೨೦೨೨ರ ಏಪ್ರಿಲಿನಲ್ಲಿ ಜಿಲ್ಲೆಗಳು ಒಡೆದ ಮೇಲೆ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ನಮ್ಮ ಕಡೆಯ ಜನಕ್ಕೆ ಇಂಥ ಗೆರೆಗಳು ಹೊಸವಲ್ಲ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಬಳ್ಳಾರಿ ಮೈಸೂರಿಗೆ ಬಂದಿತು. ನನ್ನ ಅಜ್ಜಿ ಮಾತ್ರ ಕೊನೆಯವರೆಗೂ ‘ನಮ್ಮದು ಬಳ್ಳಾರಿ ಜಿಲ್ಲೆ’ ಎಂದೇ ಹೇಳುತ್ತಿದ್ದಳು. ಮಾವ ಎಷ್ಟು ತಿದ್ದಿದರೂ ಅವಳು ಕೇಳಲಿಲ್ಲ.

ಕಲ್ಯಾಣದುರ್ಗ ದಾಟಿದ ಮೇಲೆ ನೆಲ ಒಣಗುತ್ತಾ ಹೋಗುತ್ತದೆ. ಬಂಡೆ, ಜಾಲಿ, ಉಳುಮೆಗೆ ಕಾದ ಕೆಂಪು ಹೊಲ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ೫೫೦ ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ಹಗರಿಯ ಮರಳು ಗಾಳಿಗೆದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ರಾಯದುರ್ಗದ ಬೆಟ್ಟವೂ ಕೋಟೆಯೂ ಬಿಸಿಲಿನಲ್ಲಿ ಕಾದ ಹೆಂಚಿನಂತೆ ನಿಂತಿದ್ದುವು. ಊರೊಳಗೆ ಈಗ ಎಲ್ಲಿ ನೋಡಿದರೂ ಜೀನ್ಸ್ ಹೊಲಿಗೆ. ಓಣಿ ಓಣಿಗಳಲ್ಲಿ ಯಂತ್ರದ ಸದ್ದು. ನಾನು ಹುಡುಗನಾಗಿದ್ದಾಗ ಆ ಓಣಿಗಳಲ್ಲಿ ಮಧ್ಯಾಹ್ನ ಕೇಳುತ್ತಿದ್ದುದು ಕಾಗೆಯ ಕೂಗು ಮಾತ್ರ.

ಇನ್ನು ಪುಸ್ತಕದ ವಿಷಯ. ೧೯೮೩ರ ಬೇಸಗೆ, ನನಗೆ ಹದಿಮೂರು ವರ್ಷ. ರಜೆಗೆ ಅಜ್ಜಿಯ ಮನೆಗೆ ಬಂದಿದ್ದೆ. ಅಜ್ಜಿಗೆ ಕಣ್ಣಿಗೆ ಪೊರೆ ಬಂದು ಕಾಣುತ್ತಿರಲಿಲ್ಲ. ಅಕ್ಷರ ಮೊದಲೇ ಬಾರದು. ಮಾವ ಬಳ್ಳಾರಿಗೆ ಹೋದಾಗಲೆಲ್ಲ ಪುಸ್ತಕ ಕೊಂಡು ತರುತ್ತಿದ್ದರು. ಅವರ ಕಪಾಟಿನಿಂದ ನಾನು ಎಳೆದುಕೊಂಡದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ೧೯೬೭ರಲ್ಲಿ ಪ್ರಕಟವಾದ ಆ ದೊಡ್ಡ ಕಾದಂಬರಿ. ಎತ್ತಿಕೊಂಡದ್ದು ಅದು ಎಲ್ಲಕ್ಕಿಂತ ದಪ್ಪಗಿತ್ತೆಂಬ ಒಂದೇ ಕಾರಣಕ್ಕೆ. ಸಂಜೆ ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿದ ಮೇಲೆ ನಾನು ಓದುವುದು, ಅಜ್ಜಿ ಕೇಳುವುದು, ಹೀಗೆ ಆರಂಭವಾಯಿತು. ಕೆಲವು ಪುಟಗಳನ್ನು ಮಾವ ಮೊದಲೇ ಮೂಲೆ ಮಡಿಸಿ ‘ಇವು ಬೇಡ’ ಎಂದಿದ್ದರು. ಅವನ್ನು ನಾನು ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಒಬ್ಬನೇ ಓದಿದೆನೆಂದು ಈಗ ಒಪ್ಪಿಕೊಳ್ಳುವುದರಿಂದ ಹೆಡ್ ಮಾಸ್ತರಿಕೆಗೆ ಕುಂದು ಬರಲಾರದು.

ಆ ಕಾದಂಬರಿಯಲ್ಲಿ ಮಳೆ ನಿಲ್ಲುವುದೇ ಇಲ್ಲ. ಅದು ತೀರ್ಥಹಳ್ಳಿಯ ಕಡೆಯ ಮಲೆನಾಡು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರನ್ನು ಮೀರಿ ಮಳೆ ಸುರಿಯುತ್ತದೆ. ಹನಿ ನೀರಿಗೆ ಬೀದಿಯ ನಲ್ಲಿಯ ಮುಂದೆ ಕೊಡಗಳ ಸಾಲು ನಿಂತಿರುವ ಊರಿನಲ್ಲಿ ಕುಳಿತು ಆ ಇಂಬಳ, ಕೆಸರು, ಕೊಚ್ಚಿಹೋಗುವ ಹಳ್ಳಗಳನ್ನು ಓದುವುದೆಂದರೆ ಏನೆಂಬುದನ್ನು ಆ ಕಡೆಯವರು ಊಹಿಸಲಾರರು. ಅಜ್ಜಿ ಮೊದಲು ನಂಬಲಿಲ್ಲ. ‘ಅಷ್ಟು ಮಳೆ ಬಂದರೆ ಒಲೆ ಹೆಂಗೆ ಹಚ್ಚುತಾರೋ?’ ಎಂದು ಕೇಳಿದಳು. ಸಿಂಬಾವಿಯ ಗುತ್ತಿ, ಬೆಟ್ಟಳ್ಳಿಯ ತಿಮ್ಮಿ, ಮುಕುಂದಯ್ಯ, ಚಿನ್ನಮ್ಮ ಎಲ್ಲರೂ ಅವಳಿಗೆ ಬಂಧುಗಳಾದರು. ಎಲ್ಲರಿಗಿಂತ ಹೆಚ್ಚಾಗಿ ಗುತ್ತಿಯ ನಾಯಿ ಹುಲಿಯ. ಪ್ರತಿದಿನ ಓದಲು ಕುಳಿತೊಡನೆ ಅವಳ ಮೊದಲ ಪ್ರಶ್ನೆ, ನಾಯಿ ಕ್ಷೇಮವೇ?

ಮದುವೆಯ ಮನೆಯಿಂದ ಚಿನ್ನಮ್ಮ ಪೀಂಚಲುವಿನೊಡನೆ ರಾತ್ರಿಯ ಕತ್ತಲೆಯಲ್ಲಿ ಕಾಡಿಗೆ ತಪ್ಪಿಸಿಕೊಂಡು ಹೋಗುವ ಭಾಗಕ್ಕೆ ಬಂದಿದ್ದೆವು. ಶಾಲೆ ತೆರೆಯುವ ದಿನ ಬಂದಿತು. ಅಪ್ಪ ಕರೆದೊಯ್ಯಲು ಬಂದರು. ಪುಸ್ತಕವನ್ನು ಕೇಳಿದ್ದರೆ ಮಾವ ಕೊಡುತ್ತಿದ್ದರು. ನಾನೇ ಬೇಡವೆಂದೆ. ಮುಂದಿನ ಬೇಸಗೆಗೆ ಉಳಿಸಿಕೊಳ್ಳುವ ಆಸೆ. ಊಟದಲ್ಲಿ ರುಚಿಯಾದುದನ್ನು ಎಲೆಯ ಅಂಚಿಗೆ ಸರಿಸಿ ಕೊನೆಗೆ ತಿನ್ನುವ ಮಕ್ಕಳಿರುತ್ತಾರಲ್ಲ, ನಾನು ಅಂಥವನು. ಬಸ್ ಟಿಕೇಟೊಂದನ್ನು ಗುರುತಿಗಿಟ್ಟು ಹೊರಟೆ. ಆ ಮಾಘದಲ್ಲಿ ಅಜ್ಜಿ ತೀರಿಕೊಂಡಳು.

ಆಮೇಲೆ ಆ ಪುಸ್ತಕ ನನಗೆ ಎಷ್ಟೋ ಸಲ ಎದುರಾಯಿತು. ಶಿಕ್ಷಕರ ತರಬೇತಿಯಲ್ಲಿದ್ದಾಗ ಸಹಪಾಠಿಯೊಬ್ಬನ ಬಳಿ ಇತ್ತು; ಬೆಂಗಳೂರಿನ ಅಂಗಡಿಗಳಲ್ಲಿ ಕಂಡಿತು. ಕೈಗೆತ್ತಿಕೊಂಡು ಕೆಳಗಿಟ್ಟೆ. ಪುಸ್ತಕವನ್ನು ಅರ್ಧಕ್ಕೆ ಬಿಡುವುದು ಬೇಸರದಿಂದಲೇ ಎಂದು ಜನ ತಿಳಿಯುತ್ತಾರೆ. ಬೇಸರದಿಂದ ಬಿಟ್ಟ ಪುಸ್ತಕ ಮರೆತುಹೋಗುತ್ತದೆ. ಸಂತೋಷದಿಂದ ಓದುತ್ತಿದ್ದು ಬಿಟ್ಟದ್ದು ಹಾಗಲ್ಲ. ಅದು ಸಾಲದಂತೆ ಉಳಿಯುತ್ತದೆ, ಬಡ್ಡಿಯೂ ಬೆಳೆಯುತ್ತದೆ. ದಿನ ಕಳೆದಷ್ಟೂ ಹಿಂದಿರುಗುವುದು ಕಷ್ಟ. ಕಥೆ ಮರೆತಿರುತ್ತದೆ, ಹೆಸರುಗಳು ಕಲಸಿಹೋಗಿರುತ್ತವೆ. ಮೊದಲಿನಿಂದ ಓದಲು ಸೋಮಾರಿತನ, ನಡುವಿನಿಂದ ಓದಲು ಸಂಕೋಚ.

ನಮ್ಮ ಎರಡು ಭಾಷೆಗಳ ದೊಡ್ಡ ಗ್ರಂಥಗಳಿಗೂ ಇದೇ ಅವಸ್ಥೆ ಬಂದಿತ್ತೆಂಬುದನ್ನು ನೆನೆದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಗದುಗಿನ ನಾರಣಪ್ಪ ಭಾರತವನ್ನು ಗದಾಪರ್ವದವರೆಗೆ, ಎಂದರೆ ಹತ್ತು ಪರ್ವ ಹಾಡಿ ನಿಲ್ಲಿಸಿದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ತೆಲುಗಿನಲ್ಲಿ ನನ್ನಯ್ಯ ಹನ್ನೊಂದನೆಯ ಶತಮಾನದಲ್ಲಿ ಅರಣ್ಯಪರ್ವದ ನಡುವೆ ನಿಂತ. ಹದಿಮೂರನೆಯ ಶತಮಾನದ ತಿಕ್ಕನ ಆ ಅರ್ಧ ಪರ್ವವನ್ನು ಮುಟ್ಟದೆ ವಿರಾಟಪರ್ವದಿಂದ ಹಿಡಿದ. ನಡುವಿನ ಕೊರತೆಯನ್ನು ತುಂಬಿದವನು ಎರ್ರನ, ಹದಿನಾಲ್ಕನೆಯ ಶತಮಾನದಲ್ಲಿ. ಒಂದು ಪರ್ವದ ಮೊದಲರ್ಧಕ್ಕೂ ಎರಡನೆಯ ಅರ್ಧಕ್ಕೂ ನಡುವೆ ಸುಮಾರು ಮುನ್ನೂರು ವರ್ಷ! ಬಾಣನ ಕಾದಂಬರಿಯನ್ನು ಅವನ ಮಗನೇ ಮುಗಿಸಬೇಕಾಯಿತು. ಇವರೆಲ್ಲ ಬರೆದವರು, ನಾನು ಬರಿಯ ಓದುವವನು. ಆದರೂ ನನ್ನ ನಲವತ್ತು ವರ್ಷ ಅಷ್ಟೊಂದು ಹೆಚ್ಚಲ್ಲವೆಂದು ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ.

ಅತ್ತೆಗೆ ಈಗ ಎಪ್ಪತ್ತೆಂಟು. ಬಾಗಿಲಲ್ಲಿ ನಿಂತು, ‘ಬಂದ್ಯಾ ಅಪ್ಪಾ, ಕೂದಲೆಲ್ಲ ಬೆಳ್ಳಗಾದವಲ್ಲೋ’ ಎಂದರು. ಪೆಟ್ಟಿಗೆಗಳನ್ನು ಪಡಸಾಲೆಗೆ ಇಳಿಸಿದ್ದರು. ಒಂದರಲ್ಲಿ ಗೆದ್ದಲು ಹತ್ತಿ ಅರ್ಧ ಮಣ್ಣಾಗಿತ್ತು. ಅನಕೃ, ತರಾಸು ಅವರ ಕಾದಂಬರಿಗಳು ಕೈಗೆತ್ತಿದರೆ ಪುಡಿಯಾಗುತ್ತಿದ್ದುವು. ಇನ್ನೊಂದರ ಅಡಿಯಲ್ಲಿ ನನ್ನ ಪುಸ್ತಕ ಸಿಕ್ಕಿತು, ಮೇಲಿನ ರಟ್ಟಿಲ್ಲ. ಟಿಕೇಟು ಒಳಗೇ ಇತ್ತು. ಅಕ್ಷರವೆಲ್ಲ ಮಾಸಿ ಬರಿಯ ಕಾಗದವಾಗಿತ್ತು. ಗುರುತಿನ ಜಾಗದಿಂದ ಓದಲು ನೋಡಿದೆ, ಸಾಗಲಿಲ್ಲ. ಮೂವತ್ತು ಪುಟ ಹಿಂದಕ್ಕೆ ಹೋದೆ. ಅಲ್ಲಿಂದ ಒಂದೊಂದೇ ಮುಖ ಗುರುತು ಸಿಗತೊಡಗಿತು. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಹಿಂದಿರುಗುವವರಿಗೆ ನಾನು ಹೇಳಬಹುದಾದ ಉಪಾಯವಿದೊಂದೇ: ನದಿ ದಾಟುವವನು ನೇರ ಎದುರಿಗೆ ಈಜದೆ ಸ್ವಲ್ಪ ಮೇಲಕ್ಕೆ ಹೋಗಿ ನೀರಿಗಿಳಿಯುವಂತೆ, ಸ್ವಲ್ಪ ಹಿಂದಿನಿಂದ ಇಳಿಯಬೇಕು.

‘ಬಾಯಿಬಿಟ್ಟು ಓದೋ, ನಾನೂ ಕೇಳ್ತೀನಿ’ ಎಂದರು ಅತ್ತೆ. ಹಿಂದೆ ನಾನು ಅಂಗಳದಲ್ಲಿ ಓದುತ್ತಿದ್ದಾಗ ಅವರು ಒಳಗೆ ರೊಟ್ಟಿ ಬಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದರಂತೆ. ಒಬ್ಬರಿಗೆಂದು ಓದಿದ್ದು ಇಬ್ಬರಿಗೆ ತಲುಪಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ಓದಿದೆ. ಮರುದಿನ ಹಗಲೂ ರಾತ್ರಿಯೂ ಓದಿದೆ. ಅವರ ಕಿರಿಯ ಮೊಮ್ಮಗಳು ಮೊಬೈಲನ್ನು ಹಿಡಿದುಕೊಂಡೇ ಬಂದು ಕುಳಿತು, ಯಾವಾಗಲೋ ಅದನ್ನು ಕೆಳಗಿಟ್ಟಳು. ಮೂರನೆಯ ದಿನ ಕೊನೆಯ ಪುಟಗಳು. ಉಕ್ಕಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ನನ್ನ ಸ್ವರ ನಿಂತಿತು. ಅಜ್ಜಿ ಇದನ್ನು ಕೇಳದೆ ಹೋದದ್ದೇ ಒಳ್ಳೆಯದಾಯಿತೆಂದು ಅಂದುಕೊಳ್ಳುತ್ತಿದ್ದೆ.

‘ಇದು ಹಂಗಲ್ಲ’ ಎಂದರು ಅತ್ತೆ.

ಹೇಗೆ ಎಂದು ಕೇಳಿದೆ. ನಾನು ಹೋದ ಮೇಲೆ ಉಳಿದುದನ್ನು ಓದುತ್ತೇನೆಂದು ಮಾವ ಎಷ್ಟೋ ಸಲ ಹೇಳಿದರಂತೆ. ‘ಹುಡುಗ ಬಂದು ಓದ್ತಾನೆ’ ಎಂದು ಅಜ್ಜಿ ಬೇಡವೆಂದಳಂತೆ. ಆದರೆ ಸುಮ್ಮನಿರಲು ಆಗದೆ ಮುಂದಿನದನ್ನು ತಾನೇ ಕಟ್ಟಿ ಓಣಿಯ ಮಕ್ಕಳಿಗೆಲ್ಲ ಹೇಳಿದಳಂತೆ. ಅವಳ ಕಥೆಯಲ್ಲಿ ಗುತ್ತಿ, ತಿಮ್ಮಿ, ಹುಲಿಯ ಮೂವರೂ ಮಳೆಯ ಕಾಟ, ಇಂಬಳದ ಕಾಟ ಸಾಕಾಗಿ ಹೊಳೆಯ ದಂಡೆ ಹಿಡಿದು ಮೂಡಣಕ್ಕೆ ನಡೆದರು. ನಡೆದು ನಡೆದು ರಾಯದುರ್ಗದ ಬೆಟ್ಟದ ಬುಡಕ್ಕೆ ಬಂದು ಗುಡಿಸಲು ಹಾಕಿದರು. ನಾಯಿ ಮೊದಲ ಸಲ ಬಿಸಿಲಲ್ಲಿ ಮೈ ಚಾಚಿ ಮಲಗಿತು. ಬೆಟ್ಟದ ಕಡೆ ನಾಯಿ ಬೊಗಳಿದರೆ ಓಣಿಯ ಮಕ್ಕಳು ಎಷ್ಟೋ ವರ್ಷ ‘ಹುಲಿಯ, ಹುಲಿಯ’ ಎನ್ನುತ್ತಿದ್ದರಂತೆ.

ನಾನು ಭೂಗೋಳ ಪಾಠ ಮಾಡುವವನು. ಅಜ್ಜಿಯ ದಾರಿಯನ್ನು ಮನಸ್ಸಿನಲ್ಲಿ ನಕ್ಷೆಯ ಮೇಲಿಟ್ಟು ನೋಡಿದೆ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ತುಂಗಭದ್ರೆಯ ನೀರು ಹೊಸಪೇಟೆಯ ಅಣೆಕಟ್ಟಿನಿಂದ ಮೇಲ್ಮಟ್ಟದ ಕಾಲುವೆಯಲ್ಲಿ ಬಳ್ಳಾರಿಯನ್ನು ಹಾದು ಬೊಮ್ಮನಹಾಳು, ಕಣೇಕಲ್ಲುಗಳಿಗೆ ಬರುತ್ತದೆ. ಹೊಳೆಯ ದಂಡೆ ಹಿಡಿದು ಬಂದರೆ ನಮ್ಮ ಕಡೆಗೇ ಬರಬೇಕು. ಅಕ್ಷರ ಬಾರದ ಅಜ್ಜಿಗೆ ಇದನ್ನು ಯಾರು ಹೇಳಿದ್ದರೋ! ಕುವೆಂಪು ಅವರ ಮುಕ್ತಾಯವೇ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆ ನೀರಿನ ನಿರ್ದಯತೆ ಕಾದಂಬರಿಗೆ ಬೇಕೇ ಬೇಕು. ಆದರೆ ಮೊಮ್ಮಗಳು ನನ್ನನ್ನು ಕೇಳಿದ್ದು ಅಜ್ಜಿಯದು ಯಾವ ಪುಟದಲ್ಲಿದೆಯೆಂದು.

ಅವಳಿಗೆ ಅಕ್ಷರ ಕಲಿಯುವ ಮನಸ್ಸಿದೆ. ತೆಲುಗು ಬಲ್ಲವರಿಗೆ ಕನ್ನಡದ ಅಕ್ಷರ ಒಂದು ವಾರದ ಕೆಲಸ. ತಲೆಕಟ್ಟು ಬೇರೆ, ಮೈ ಬಹುಮಟ್ಟಿಗೆ ಒಂದೇ. ನನ್ನ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಈಗ ಹನ್ನೊಂದು ಮಕ್ಕಳಿದ್ದಾರೆ. ನಾನು ಸೇರಿದಾಗ ಒಂದು ಕೋಣೆ ಸಾಲುತ್ತಿರಲಿಲ್ಲ. ಈ ಹನ್ನೊಂದಕ್ಕೆ ಹೊರಗಿನಿಂದ ಹನ್ನೆರಡನೆಯವಳು ಸಿಕ್ಕಳೆಂದು ಸುಮ್ಮನೆ ಎಣಿಸಿಕೊಂಡೆ. ‘ಮಲೆಗಳಲ್ಲಿ ಮದುಮಗಳು’ವನ್ನು ಅವಳಿಗೇ ಬಿಟ್ಟು, ಗೆದ್ದಲು ಹತ್ತದ ಉಳಿದ ಹತ್ತೊಂಬತ್ತು ಪುಸ್ತಕಗಳನ್ನು ಚೀಲದಲ್ಲಿ ಕಟ್ಟಿದೆ.

ಹೊರಡುವಾಗ ಅತ್ತೆ ದೇವರ ಮನೆಯಿಂದ ಕುಮಾರವ್ಯಾಸ ಭಾರತವನ್ನು ತಂದರು. ಅದನ್ನು ಪೆಟ್ಟಿಗೆಗೆ ಹಾಕಿರಲಿಲ್ಲ. ಮಳೆ ಹಿಂದೆಗೆದ ವರ್ಷಗಳಲ್ಲಿ ಮಾವ ಅದರ ವಿರಾಟಪರ್ವವನ್ನು ಓದಿಸುತ್ತಿದ್ದರು. ಕೊನೆಯ ಸಲ ಓದಿಸಿದಾಗ ನಡುವೆ ಮಾವನಿಗೆ ಕಾಯಿಲೆಯಾಗಿ ಪರ್ವ ನಿಂತುಹೋಗಿತ್ತು. ಗುರುತಿಗೆ ಕೆಂಪು ದಾರವಿತ್ತು. ದಸರೆಯ ರಜೆಗೆ ಬಂದು ಮುಗಿಸುತ್ತೇನೆಂದೆ.

‘ಯಾವ ದಸರೆಗಪ್ಪಾ? ಇದೇ ದಸರೆಗೋ, ಇನ್ನು ನಲವತ್ತು ವರ್ಷಕ್ಕೋ?’ ಎಂದರು ಅತ್ತೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಆಟೋ ಬಂದು ನಿಂತಿತು.